ಅಪ್ಪಯ್ಯನ ಕೈಗೊಂದು ಹಿಡಿ

ಯುಗಾದಿಗೆ ಊರಿಗೆ ಹೋದಾಗ ಅಪ್ಪಯ್ಯನ ಮುಖದಲ್ಲಿ ಎಂಟು ದಿನದ ಗಡ್ಡ ಇತ್ತು. ಬೇರೆ ಮನೆಯಲ್ಲಾದರೆ ಇದು ಹೇಳುವಂಥ ವಿಷಯವೇ ಅಲ್ಲ. ನಮ್ಮ ಮನೆಯಲ್ಲಿ ಹಾಗಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅವರು ಒಂದು ದಿನ ಬಿಟ್ಟು ಒಂದು ದಿನ ಗಡ್ಡ ತೆಗೆಯುವವರು. ಸೂತಕದ ದಿನಗಳನ್ನು ಬಿಟ್ಟರೆ ಅದು ತಪ್ಪಿದ್ದನ್ನು ನಾನು ನೋಡಿಲ್ಲ. ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ, ಮೂರು ದಿನ ಕರೆಂಟಿಲ್ಲದ ಆಷಾಢದ ಮಳೆಯಲ್ಲೂ ಜಗಲಿಯ ಕಂಬಕ್ಕೆ ಕನ್ನಡಿ ತೂಗುಹಾಕಿ, ಬಚ್ಚಲ ಹಂಡೆಯಿಂದ ಒಂದು ಗಿಂಡಿ ಬಿಸಿನೀರು ತಂದುಕೊಂಡು ಕೂರುತ್ತಿದ್ದರು. ಬಿಳಿ ಗಡ್ಡದಲ್ಲಿ ಅವರು ಯಾರೋ ಬೇರೆಯವರ ಹಾಗೆ ಕಂಡರು. ಅವರನ್ನೇ ಕೇಳಲು ಧೈರ್ಯ ಆಗಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ.

"ಬ್ರಷ್ ಕೈಲಿ ನಿಲ್ತಾ ಇಲ್ವಂತೆ," ಅಂದಳು. "ಎರಡು ಸಲ ಜಾರಿ ಗಿಂಡಿಯೊಳಗೇ ಬಿತ್ತು. ಆಮೇಲೆ ಮುಟ್ಟಲೇ ಇಲ್ಲ."

ಗಂಟುನೋವು ಶುರುವಾಗಿ ನಾಲ್ಕು ವರ್ಷ ಆಯಿತು. ಬಲಗೈಗೇ ಜಾಸ್ತಿ. ಬೆಳಿಗ್ಗೆ ಎದ್ದ ಕೂಡಲೇ ಬೆರಳುಗಳು ಮರಗಟ್ಟಿರುತ್ತವೆ, ಬಿಸಿಲೇರಿದ ಮೇಲೆ ಸ್ವಲ್ಪ ಸಡಿಲ ಆಗುತ್ತವೆ. ಅದಕ್ಕೇ ಆರು ಗಂಟೆಗೆ ಮಾಡುತ್ತಿದ್ದ ಕೆಲಸವನ್ನು ಹನ್ನೊಂದು ಗಂಟೆಗೆ ಹಾಕಿಕೊಂಡಿದ್ದರು. ರೇಜರಿನ ಹಿಡಿ ಸಣ್ಣದಾಯಿತು ಅಂತ ಹಳೆ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ ಅದಕ್ಕೆ ಸುತ್ತಿದ್ದರು. ಹಾಗೆ ದಪ್ಪ ಆದ ಮೇಲೆ ರೇಜರ್ ಸರಿಯಾಯಿತು. ಬ್ರಷ್‌ಗೂ ಸುತ್ತಿ ನೋಡಿದ್ದರಂತೆ. ಸೋಪಿನ ನೀರು ರಬ್ಬರಿನ ಒಳಗೆ ಸೇರಿ ಇನ್ನೂ ಜಾಸ್ತಿ ಜಾರಿತು, ನಾಲ್ಕು ದಿನಕ್ಕೆ ನಾರತೊಡಗಿತು. ತಮ್ಮ ಕಳಿಸಿದ ಟ್ರಿಮ್ಮರ್ ಡಬ್ಬಿಯೊಳಗೇ ಇದೆ. ಪೇಟೆಗೆ ಹೋಗಿ ಮಾಡಿಸಿಕೊಂಡು ಬರಬಹುದಲ್ಲ ಅಂದರೆ, "ನನ್ನ ಮುಖ ಅಲ್ವಾ, ನಾನೇ ತೊಳೀಬೇಕು," ಅಂದರು.

ಆ ಮಧ್ಯಾಹ್ನ ಆ ಬ್ರಷ್ಷನ್ನು ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಕೂತಿದ್ದೆ. ನೀಲಿ ಪ್ಲಾಸ್ಟಿಕ್ಕಿನದು, ನಡು ಸಣ್ಣ. ಅಳೆದು ನೋಡಿದರೆ ನಡುವಿನ ದಪ್ಪ 27 ಮಿಲಿಮೀಟರ್. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ತುದಿಯಲ್ಲಿ ಹಿಡಿಯುವ ಹಾಗೆ ಮಾಡಿದ ವಸ್ತು. ಆ ಮೂರೂ ತುದಿಗಳಲ್ಲಿ ಶಕ್ತಿ ಇಲ್ಲದವರು ಅದನ್ನು ಎಲ್ಲಿ ಹಿಡಿಯಬೇಕು? ನಾನು ಶಿವಮೊಗ್ಗದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಶೇವಿಂಗ್ ಬ್ರಷ್ ಬಗ್ಗೆ ಯೋಚನೆ ಮಾಡಿದ್ದು ಅದೇ ಮೊದಲು. ಗಡ್ಡದ ಕೂದಲು ನೀರು ಕುಡಿದು ಮೆತ್ತಗಾದರೆ ಬ್ಲೇಡಿಗೆ ಸುಲಭ. ಅದಕ್ಕೆ ಎರಡು ಮೂರು ನಿಮಿಷ ಬೇಕು. ಅಷ್ಟು ಹೊತ್ತು ಬಿಸಿನೀರನ್ನು ಮುಖದ ಮೇಲೆ ನಿಲ್ಲಿಸಿ ಹಿಡಿಯುವುದು ನೊರೆ, ಆ ನೊರೆ ಎಬ್ಬಿಸುವುದು ಬ್ರಷ್. ಅದನ್ನು ಬಿಟ್ಟು ಸುಮ್ನೆ ಕೈಯಲ್ಲಿ ಸೋಪು ಸವರಿಕೊಂಡರೆ ಎಪ್ಪತ್ತಾರು ವರ್ಷದ ತೆಳು ಚರ್ಮ ಉರಿಯುತ್ತದೆ. ಅಪ್ಪಯ್ಯ ಅದನ್ನೂ ಒಂದು ಸಲ ಮಾಡಿ ನೋಡಿ ಬಿಟ್ಟಿದ್ದರು.

ಕಾವು

ನಮ್ಮ ಮನೆಯಲ್ಲಿ ಹಿಡಿಕೆ ಅನ್ನುವುದನ್ನು ಅಂಗಡಿಯಿಂದ ತಂದದ್ದು ಕಡಿಮೆ. ಕಬ್ಬಿಣ ಕುಲುಮೆಯಿಂದ ಬರುತ್ತಿತ್ತು, ಕಾವು, ಅಂದರೆ ಮರದ ಹಿಡಿ, ಮನೆಯಲ್ಲೇ ಆಗುತ್ತಿತ್ತು. ಕತ್ತಿಗೆ, ಕೊಡಲಿಗೆ, ಗುದ್ದಲಿಗೆ, ಎಲ್ಲಕ್ಕೂ ಅಪ್ಪಯ್ಯನೇ ಕಾವು ಹಾಕುತ್ತಿದ್ದರು. ಮಳೆಗಾಲದ ಮಧ್ಯಾಹ್ನಗಳಲ್ಲಿ ತೋಟಕ್ಕೆ ಹೋಗಲು ಆಗದೇ ಇದ್ದಾಗ ಅದೇ ಅವರ ಕೆಲಸ. ನನಗೆ ಹತ್ತು ವರ್ಷ ಇದ್ದಾಗ ಒಮ್ಮೆ ಅವರ ಕತ್ತಿ ತೆಗೆದುಕೊಂಡು ಬಾಳೆಎಲೆ ಕೊಯ್ಯಲು ಹೋಗಿದ್ದೆ. ಆ ಕಾವಿನಲ್ಲಿ ಹೆಬ್ಬೆರಳು ಕೂರುವ ಕಡೆ ಒಂದು ತಗ್ಗು ಇತ್ತು. ನನ್ನ ಹೆಬ್ಬೆರಳು ಅದರಲ್ಲಿ ಕಳೆದುಹೋಯಿತು. ತೋಟದ ಕೆಲಸಕ್ಕೆ ಬರುವವರೂ ಆ ಕತ್ತಿ ಮುಟ್ಟುತ್ತಿರಲಿಲ್ಲ. "ಅದು ಅಯ್ಯನ ಕತ್ತಿ, ನಮ್ಮ ಕೈಗೆ ಬರಲ್ಲ," ಅನ್ನುತ್ತಿದ್ದರು. ಕೈಗೆ ಬರುವುದು ಅನ್ನುವ ಮಾತು ಎಷ್ಟು ಚೆನ್ನಾಗಿದೆ ನೋಡಿ. ವಸ್ತುವೇ ನಡೆದು ಬಂದು ಕೈಯಲ್ಲಿ ಕೂರಬೇಕು.

ಹಿಡಿ ಅನ್ನುವ ಪದವನ್ನೂ ಆ ದಿನಗಳಲ್ಲಿ ತುಂಬ ಯೋಚನೆ ಮಾಡಿದೆ. ಒಂದು ಹಿಡಿ ಅಕ್ಕಿ ಅಂದರೆ ಅಳತೆ. ಕೊಡೆಯ ಹಿಡಿ ಅಂದರೆ ವಸ್ತುವಿನ ಒಂದು ಭಾಗ. ನಮ್ಮ ಕಡೆ ಪೊರಕೆಗೂ ಹಿಡಿ ಅಂತಲೇ ಹೆಸರು. ಎಲ್ಲವೂ ಕೈಯಿಂದಲೇ ಹೆಸರು ಪಡೆದವು. ಕೈ ಇಲ್ಲದೆ ಹಿಡಿ ಇಲ್ಲ. ಹಾಗಿದ್ದೂ ಅಂಗಡಿಯಲ್ಲಿ ಸಿಗುವ ಬ್ರಷ್ ಯಾರ ಕೈಯನ್ನೂ ನೋಡಿ ಮಾಡಿದ್ದಲ್ಲ. ಆನ್‌ಲೈನ್‌ನಲ್ಲಿ ಹುಡುಕಿದೆ. ಕೈಯಿಂದಲೇ ಮಾಡಿದ್ದು ಅಂತ ಹೇಳುವ ದುಬಾರಿ ಬ್ರಷ್‌ಗಳಿವೆ. ಕೂದಲಿನ ಗೊಂಚಲಿಗೆ ಅವರ ಹತ್ತಿರ 22, 24, 26 ಮಿಲಿಮೀಟರ್ ಅಂತ ಅಳತೆಗಳಿವೆ. ಹಿಡಿಯುವವರ ಕೈಯ ಅಳತೆ ಕೇಳುವವರು ನನಗೆ ಒಬ್ಬರೂ ಸಿಗಲಿಲ್ಲ.

ಹಾಗಾಗಿ ನಾನೇ ಮಾಡುವುದು ಅಂತ ನಿಶ್ಚಯ ಮಾಡಿದೆ. ವಿಷಯ ಕೇಳಿದವರೆಲ್ಲ ಬೀಟೆಯಲ್ಲಿ ಮಾಡು ಅಂದರು, ಸಾಗರದ ಕಡೆಯ ನೆಂಟರೊಬ್ಬರು ಗುಡಿಗಾರರ ಹತ್ತಿರ ಗಂಧದಲ್ಲೇ ಮಾಡಿಸಬಹುದಲ್ಲ ಅಂದರು. ಬೀಟೆಯೂ ಗಂಧವೂ ನಮ್ಮದೇ ಜಾಗದಲ್ಲಿ ಬೆಳೆದಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಮಲೆನಾಡಿನಲ್ಲಿ ಮಕ್ಕಳಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡ ಕಾರಣ ಇತ್ತು. ಬೀಟೆ ಭಾರ. ನೋವಿರುವ ಕೈಗೆ ಭಾರ ಕೊಡಬಾರದು.

ಮೊದಲನೆಯದು ಸೀಳಿತು

ಹಿತ್ತಲಲ್ಲಿ ಪೇರಳೆ ಮರ ಇದೆ. ಕಾವಿಗೆ ಅಪ್ಪಯ್ಯ ಎಷ್ಟೋ ಸಲ ಅದನ್ನೇ ಬಳಸಿದ್ದನ್ನು ನೋಡಿದ್ದೆ. ಬೇಸಗೆ ರಜೆ ಶುರುವಾದ ವಾರವೇ ಮುಂಗೈ ದಪ್ಪದ ಒಂದು ಕೊಂಬೆ ಕಡಿದೆ. ಗೇಣುದ್ದ ತುಂಡು ಮಾಡಿ ತೀರ್ಥಹಳ್ಳಿಗೆ ಒಯ್ದೆ. ಅಲ್ಲಿ ಮಂಚದ ಕಾಲು, ತೊಟ್ಟಿಲ ಕಂಬಿ ಕಡೆಯುವ ಆಚಾರ್ರು ಒಬ್ಬರಿದ್ದಾರೆ. ಅವರು ಊರಿಗೆ ಹೋಗಿದ್ದರು, ಅವರ ಹುಡುಗ ಇದ್ದ. ಅವನು ಅರ್ಧ ಗಂಟೆಯಲ್ಲಿ ಲೇತ್‌ಗೆ ಹಾಕಿ ಚೆಂದಕ್ಕೆ ಕಡೆದು ಕೊಟ್ಟ. ಮೇಲೆ ತೂತು ಕೊರೆದು, ಹಳೆ ಬ್ರಷ್ಷಿನ ಕೂದಲನ್ನೇ ಕಿತ್ತು ಅಂಟಿಸಿದೆ. ಅಪ್ಪಯ್ಯ ಎರಡು ಸಲ ಅದರಲ್ಲಿ ಗಡ್ಡ ತೆಗೆದರು. ಮೂರನೇ ವಾರ ಬೆಳಿಗ್ಗೆ ನೋಡಿದರೆ ಬುಡದಿಂದ ತುದಿಯವರೆಗೆ ಸೀಳು. ಉಗುರು ಹೋಗುವಷ್ಟು ಅಗಲ. ಕೂದಲಿನ ಗೊಂಚಲು ಅಲ್ಲಾಡುತ್ತಿತ್ತು.

ಮತ್ತೆ ಹೋದಾಗ ಆಚಾರ್ರು ಇದ್ದರು. ಸೀಳಿದ್ದನ್ನು ಕೈಗೆ ತೆಗೆದುಕೊಂಡು ಬುಡ ತಿರುಗಿಸಿ ನೋಡಿದರು. ಸೀಳಿನ ಬಗ್ಗೆ ಏನೂ ಹೇಳಲಿಲ್ಲ. ಬುಡದ ಮಧ್ಯದಲ್ಲಿದ್ದ ಸಣ್ಣ ಕಪ್ಪು ಚುಕ್ಕಿಯ ಮೇಲೆ ಉಗುರು ಇಟ್ಟರು.

"ತಿರುಳನ್ನು ಹೊಟ್ಟೆಯೊಳಗೇ ಇಟ್ಕೊಂಡು ಕಡೆದಿದ್ದೀರಿ ತಂಗಿ. ಅದೂ ಹಸಿ ಮರ. ಸೀಳದೇ ಎಂತ ಮಾಡ್ತದೆ?"

ಆ ರಾತ್ರಿ ಪುಸ್ತಕ ತೆಗೆದು ಓದಿದೆ. ಓದಿದಷ್ಟೂ ಆಚಾರ್ರ ಒಂದು ಮಾತೇ ಬಿಚ್ಚಿಕೊಳ್ಳುತ್ತಾ ಹೋಯಿತು. ಮರ ಒಣಗುವಾಗ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತಿರುಳಿನಿಂದ ತೊಗಟೆಯ ಕಡೆಗೆ ಸುಮಾರಾಗಿ ನೂರಕ್ಕೆ ಮೂರೋ ಐದೋ. ಉಂಗುರದ ಗುಂಟ, ಅಂದರೆ ಸುತ್ತಳತೆಯಲ್ಲಿ, ಹೆಚ್ಚುಕಡಿಮೆ ಅದರ ಎರಡರಷ್ಟು. ಈಗ ಒಂದು ಇಡೀ ಕೊಂಬೆಯನ್ನು ಯೋಚಿಸಿ. ಸುತ್ತಳತೆಗೆ ಜಾಸ್ತಿ ಕುಗ್ಗಬೇಕು, ಆದರೆ ಒಳಗಿನ ಮರ ಅಷ್ಟು ಕುಗ್ಗಿ ಜಾಗ ಬಿಡುವುದಿಲ್ಲ. ಬಿಗಿ ತಾಳಲಾರದೆ ಎಲ್ಲೋ ಒಂದು ಕಡೆ ತೊಗಟೆಯಿಂದ ತಿರುಳಿನವರೆಗೆ ಬಾಯಿ ಬಿಡುತ್ತದೆ. ಕೊಂಬೆಯನ್ನು ಮೊದಲೇ ನಾಲ್ಕು ಸೀಳು ಮಾಡಿ, ತಿರುಳು ತೆಗೆದು ಒಣಗಿಸಿದರೆ ಆ ಜಗಳವೇ ಇಲ್ಲ. ಅಪ್ಪಯ್ಯನ ಕಾವುಗಳು ಯಾಕೆ ಸೀಳುತ್ತಿರಲಿಲ್ಲ ಅಂತ ಆಗ ಗೊತ್ತಾಯಿತು. ಅವರು ಕೊಡಲಿಯಲ್ಲಿ ಸೀಳಿದ ಮರವನ್ನು ಒಲೆಯ ಮೇಲಿನ ಅಟ್ಟದಲ್ಲಿ ಮಳೆಗಾಲ ಪೂರ್ತಿ ಇಡುತ್ತಿದ್ದರು. ನಾನು ಅದನ್ನು ನೂರು ಸಲ ನೋಡಿದ್ದೆ. ಸೌದೆ ಅಂದುಕೊಂಡಿದ್ದೆ.

ಕಡೆಗೋಲಿನ ಕಂಬ

ಒಣಗಿದ ಮರ ಬೇಕು, ಅದೂ ಈಗಲೇ ಬೇಕು ಅಂತ ಅಟ್ಟ ಹತ್ತಿದೆ. ಅಲ್ಲಿ ಅಡಿಕೆ ಗೋಣಿಗಳ ಹಿಂದೆ ಕಡೆಗೋಲಿನ ಕಂಬ ಸಿಕ್ಕಿತು. ಹಳೆ ಅಡುಗೆಮನೆಯಲ್ಲಿ ಅದು ಮೂಲೆಯಲ್ಲಿ ನೆಟ್ಟಗೆ ನಿಂತಿತ್ತು. ಕಡೆಗೋಲನ್ನು ಅದಕ್ಕೆ ಹಗ್ಗದ ಕುಣಿಕೆಯಲ್ಲಿ ಸೇರಿಸಿ ಅಮ್ಮ ಮಜ್ಜಿಗೆ ಕಡೆಯುತ್ತಿದ್ದಳು. ಮಿಕ್ಸಿ ಬಂದ ಮೇಲೂ ಸ್ವಲ್ಪ ವರ್ಷ ಇತ್ತು. ಅಡುಗೆಮನೆಗೆ ಟೈಲ್ಸ್ ಹಾಕಿಸಿದಾಗ ಕಿತ್ತು ಅಟ್ಟಕ್ಕೆ ಹಾಕಿದರು. ಹಲಸಿನ ಮರ. ಹೊಗೆ, ಬೆಣ್ಣೆ, ಕೈಯ ಜಿಡ್ಡು ಎಲ್ಲ ಕುಡಿದು ಕಪ್ಪಾಗಿತ್ತು.

ಅದನ್ನು ನೋಡಿದ ಕೂಡಲೇ ಕಿವಿಯಲ್ಲಿ ಎರಡು ಶಬ್ದ ಒಟ್ಟಿಗೆ ಬಂದವು. ಶಾಲೆಗೆ ಹೊರಡುವ ಮೊದಲಿನ ಹೊತ್ತು. ಒಳಗೆ ಅಮ್ಮನ ಕಡೆಗೋಲಿನ ಜರ್ ಜರ್. ಹೊರಗೆ ಜಗಲಿಯಲ್ಲಿ ಅಪ್ಪಯ್ಯ ಗುಂಡನೆಯ ಸೋಪಿನ ಮೇಲೆ ಬ್ರಷ್ ತಿರುಗಿಸುವ ಸಣ್ಣ ಸರಸರ. ನಾನು ನಡುಮನೆಯಲ್ಲಿ ಜಡೆ ಹಾಕಿಸಿಕೊಳ್ಳಲು ಕಾಯುತ್ತಾ ಕೂತಿರುತ್ತಿದ್ದೆ. ಬೆಣ್ಣೆ ಬರುವ ಹೊತ್ತಿಗೆ ಒಳಗಿನ ಶಬ್ದ ಬದಲಾಗುತ್ತಿತ್ತು, ಸ್ವಲ್ಪ ಭಾರ ಆಗುತ್ತಿತ್ತು. ನೊರೆ ಸರಿಯಾಗಿ ಎದ್ದ ಮೇಲೆ ಹೊರಗಿನ ಶಬ್ದ ನಿಂತೇ ಹೋಗುತ್ತಿತ್ತು. ಒಂದು ಮನೆಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಎರಡು ಕಡೆ ನೊರೆ. ಮಜ್ಜಿಗೆ ಕಡೆಯುವುದಕ್ಕೂ ಮರ ಕಡೆಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಎರಡರಲ್ಲೂ ತಿರುಗುವುದೇ ಕೆಲಸ, ಒಳಗೆ ಇರುವುದನ್ನು ಹೊರಗೆ ತರುವುದೇ ಕೆಲಸ. ಈ ಕಂಬವನ್ನೇ ಕಡೆಸಬೇಕು ಅಂತ ಅಲ್ಲೇ ಅಟ್ಟದ ಮೇಲೆ ಕೂತು ತೀರ್ಮಾನ ಮಾಡಿದೆ.

ಹಗ್ಗ ಉಜ್ಜಿ ಉಜ್ಜಿ ಕಂಬದಲ್ಲಿ ಎರಡು ಕಡೆ ಕಚ್ಚು ಬಿದ್ದಿತ್ತು. ಅದನ್ನು ಮುಟ್ಟದೆ ಕೆಳಗಿನಿಂದ ಒಂದು ಗೇಣು ಗರಗಸದಲ್ಲಿ ಕೊಯ್ದೆ. ಹೊರಗೆ ಇದ್ದಿಲಿನ ಬಣ್ಣ, ಒಳಗೆ ಅರಿಸಿನ. ಇಷ್ಟು ವರ್ಷ ಆದ ಮೇಲೂ ನಿನ್ನೆ ಕಡಿದ ಹಲಸಿನ ಹಾಗೆ ಹಳದಿ. ಹಲಸಿನ ಚೇಗಿನ, ಅಂದರೆ ಮರದ ಒಳಗಿನ ಗಟ್ಟಿ ಭಾಗದ, ಈ ಹಳದಿಯನ್ನು ಕುದಿಸಿ ತೆಗೆದು ಬೌದ್ಧ ಭಿಕ್ಷುಗಳ ಬಟ್ಟೆಗೆ ಬಣ್ಣ ಹಾಕುವ ಪದ್ಧತಿ ಇದೆ. ಮೃದಂಗ, ವೀಣೆ ಆಗುವ ಮರವೂ ಇದೇ. ಹಗುರ ಅಂದರೆ ತೀರಾ ಹಗುರ ಅಲ್ಲ, ಬೀಟೆಯಷ್ಟು ಭಾರವೂ ಅಲ್ಲ.

ಆಚಾರ್ರು ತುಂಡನ್ನು ಮೂಸಿ ನೋಡಿದರು. ಈ ಸಲ ಅವರೇ ಲೇತ್ ಮುಂದೆ ನಿಂತರು. ತಿರುಳಿನಿಂದ ದೂರದ ಭಾಗವನ್ನೇ ಸೀಳಿ ತೆಗೆದು, ಎತ್ತರ 80 ಮಿಲಿಮೀಟರ್, ಹೊಟ್ಟೆಯ ದಪ್ಪ 52 ಮಿಲಿಮೀಟರ್ ಇಟ್ಟರು. ಜಾಸ್ತಿ ದಪ್ಪ ಆಯಿತಲ್ಲ ಅಂದೆ. "ಇರಲಿ. ತೆಗೀಬಹುದು, ಸೇರಿಸಕ್ಕಾಗಲ್ಲ," ಅಂದರು. ಮೇಲಿನ ಕುತ್ತಿಗೆ 36 ಮಿಲಿಮೀಟರ್. ಅದರ ನೆತ್ತಿಯಲ್ಲಿ 25 ಮಿಲಿಮೀಟರ್ ಬಿಟ್ ಹಾಕಿ 13 ಮಿಲಿಮೀಟರ್ ಆಳದ ಗುಳಿ. ಸುತ್ತ ಐದೂವರೆ ಮಿಲಿಮೀಟರ್ ಗೋಡೆ ಉಳಿಯಿತು. ಅದಕ್ಕಿಂತ ತೆಳು ಮಾಡಿದರೆ ನೀರಿಗೆ ಉಬ್ಬಿ ಕುಗ್ಗಿ ಅಲ್ಲೇ ಸೀಳುತ್ತದೆ ಅಂತ ಅವರ ಎಣಿಕೆ. ತಿರುಗುವ ಮರಕ್ಕೆ ಉಳಿ ತಾಗಿದಾಗ ಹಳದಿ ಸಿಪ್ಪೆ ಸುರುಳಿ ಸುರುಳಿಯಾಗಿ ಅವರ ಕಾಲ ಮೇಲೆ ಬಿತ್ತು. ಅದರ ಜೊತೆಗೆ ಹಳೆ ತುಪ್ಪದ ಒಂದು ಕಮಟು ವಾಸನೆ ಬಂತು. ನಾನು ಅಂಗಡಿಯ ಬಾಗಿಲಿಗೆ ಹೋಗಿ ಸ್ವಲ್ಪ ಹೊತ್ತು ರಸ್ತೆ ನೋಡುತ್ತಾ ನಿಂತೆ. ಅಳು ಬಂದಿತ್ತು.

ಅಕ್ಕಿಹಿಟ್ಟು

ನೋಡಲು ಬುಗುರಿಯ ಹಾಗೆ ಎಷ್ಟು ಚೆಂದ ಇತ್ತು. ಅಪ್ಪಯ್ಯನ ಅಂಗೈಯಲ್ಲಿ ಇಟ್ಟೆ. ಬೆರಳು ಮುಚ್ಚಿದರು. ಜಾರಲಿಲ್ಲ, ಬೀಳಲಿಲ್ಲ. ಬ್ರಷ್ಷಿನ ಹಾಗೆ ಕೆನ್ನೆಗೆ ಒತ್ತಿ ತಿರುಗಿಸಲು ಹೇಳಿದೆ. ಆಗ ಕೈ ಒಂದು ಕಡೆ ಹೋಯಿತು, ಹಿಡಿ ಅಂಗೈಯೊಳಗೇ ಇನ್ನೊಂದು ಕಡೆ ಉರುಳಿತು. "ಇದು ಓಡ್ತದೆ," ಅಂದರು.

ಆ ವಾರ ಪೂರ್ತಿ ಶಾಲೆಯಲ್ಲೂ ಅದೇ ತಲೆಯಲ್ಲಿತ್ತು. ಲೇತ್ ತಿರುಗಿಸಿ ಕೊಡುವುದು ದುಂಡು. ಕತ್ತಿಯ ಕಾವು, ಕೊಡಲಿಯ ಕಾವು ಯಾವುದಾದರೂ ಪೂರ್ತಿ ದುಂಡಗೆ ಇರುತ್ತದೆಯೇ? ಇರುವುದಿಲ್ಲ. ಚಪ್ಪಟೆ ಇರುತ್ತದೆ, ಮೊಟ್ಟೆಯ ಆಕಾರ ಇರುತ್ತದೆ. ಕತ್ತಲಲ್ಲಿ ಹಿಡಿದರೂ ಅಲಗು ಯಾವ ಕಡೆ ಇದೆ ಅಂತ ಕೈಗೆ ಗೊತ್ತಾಗಬೇಕಲ್ಲ. ಮುಷ್ಟಿಯ ಒಳಗಿನ ಜಾಗ ಎಂಥದು ಅಂತ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಹೊರಗೆ ತೆಗೆದು ನೋಡುವ ದಾರಿ ಬೇಕಿತ್ತು.

ಜುಲೈ ತಿಂಗಳ ಒಂದು ಭಾನುವಾರ, ಹೊರಗೆ ಧೋ ಅಂತ ಮಳೆ. ಅಮ್ಮ ರೊಟ್ಟಿಗೆ ಅಕ್ಕಿಹಿಟ್ಟು ಬೇಯಿಸಿ ನಾದುತ್ತಿದ್ದಳು. ಅದರಲ್ಲಿ ಒಂದು ಉಂಡೆ ಕೇಳಿ ತೆಗೆದುಕೊಂಡೆ. ಬೆಂದ ಹಿಟ್ಟು ಮೇಣದ ಹಾಗೆ ಇರುತ್ತದೆ, ಬೆಚ್ಚಗೂ ಇರುತ್ತದೆ. ಅಪ್ಪಯ್ಯ ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತಿದ್ದರು. "ಇದನ್ನು ಹಿಡ್ಕೊಳ್ಳಿ ಅಪ್ಪಯ್ಯ, ಬ್ರಷ್ ಅಂದ್ಕೊಂಡು ಹಿಡ್ಕೊಳ್ಳಿ," ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ. ಹಿಡಿದರು. ಹಿಟ್ಟಿನ ಬಿಸಿ ಹಿತ ಅನ್ನಿಸಿತೋ ಏನೋ, ಕಣ್ಣು ಮುಚ್ಚಿಕೊಂಡು ತುಂಬ ಹೊತ್ತು ಹಾಗೇ ಕೂತರು.

ಕೈ ಬಿಡಿಸಿ ಉಂಡೆ ತೆಗೆದು ನೋಡಿದೆ. ಐದು ಬೆರಳಿನ ಗುರುತು ಇರಬೇಕಿತ್ತು, ಮೂರೇ ಇದ್ದವು. ಕಿರುಬೆರಳೂ ಉಂಗುರದ ಬೆರಳೂ ಹಿಟ್ಟನ್ನು ಮುಟ್ಟಿಯೇ ಇರಲಿಲ್ಲ. ಹೆಬ್ಬೆರಳು ಒತ್ತಿದ್ದು ತುದಿಯಿಂದ ಅಲ್ಲ, ಪಕ್ಕದಿಂದ. ತೋರುಬೆರಳಿನ ಎರಡನೇ ಗಂಟು ಉಂಟಲ್ಲ, ಊದಿಕೊಂಡದ್ದು, ಅದು ಆಳವಾದ ಒಂದು ಬಟ್ಟಲು ಕೊರೆದಿತ್ತು. ಅಂಗೈಯ ಉಬ್ಬು ಇನ್ನೊಂದು ಕಡೆಯಿಂದ ಚಪ್ಪಟೆ ಮಾಡಿತ್ತು. ಉಂಡೆ ಮೂರು ಮೂಲೆಯ ಆಕಾರಕ್ಕೆ ಬಂದಿತ್ತು. ಅವರ ನೋವು ಹೇಗಿದೆ ಅಂತ ನಾಲ್ಕು ವರ್ಷದಿಂದ ಫೋನಿನಲ್ಲಿ ಕೇಳುತ್ತಿದ್ದೆ, "ಪರವಾಗಿಲ್ಲ" ಅನ್ನುತ್ತಿದ್ದರು. ಆ ಹಿಟ್ಟಿನ ಉಂಡೆ ಪರವಾಗಿಲ್ಲ ಅನ್ನಲಿಲ್ಲ. ಅವರ ಕೈ ಹಿಡಿದು ನೋಡಿ ಎಷ್ಟು ವರ್ಷ ಆಗಿತ್ತು ಅಂತ ಲೆಕ್ಕ ಹಾಕಿದೆ. ನನ್ನ ಮದುವೆಯಲ್ಲಿ ಧಾರೆಯ ಹೊತ್ತಿಗೆ ಹಿಡಿದದ್ದೇ ಕೊನೆ.

ಹಿಟ್ಟು ಒಣಗಿ ಬಿರುಕು ಬಿಡುವ ಮೊದಲೇ ಸುತ್ತಲೂ ದಾರ ಹಾಕಿ ಅಳೆದೆ, ನಾಲ್ಕು ದಿಕ್ಕಿನಿಂದ ಕಾಗದದ ಮೇಲೆ ಗೆರೆ ಎಳೆದುಕೊಂಡೆ. ಒಂದು ಕಡೆಯಿಂದ 44 ಮಿಲಿಮೀಟರ್, ಇನ್ನೊಂದು ಕಡೆಯಿಂದ 38. ಪೆನ್ಸಿಲಿನಲ್ಲಿ ಹಲಸಿನ ಬುಗುರಿಯ ಮೇಲೆ ಗುರುತು ಹಾಕಿದೆ. ಮರದ ಅರ ತೆಗೆದುಕೊಂಡು ಜಗಲಿಯಲ್ಲೇ ಕೂತು ಉಜ್ಜಲು ಶುರು ಮಾಡಿದೆ. ಒಂದು ಗಂಟೆ ಉಜ್ಜಿದರೆ ಅಪ್ಪಯ್ಯನ ಕೈಗೆ ಕೊಡುವುದು. ಅವರು ಹಿಡಿದು ನೋಡುವುದು, ಹೆಬ್ಬೆರಳಿನಿಂದ ಒಂದು ಜಾಗ ಮುಟ್ಟುವುದು. "ಇಲ್ಲಿ ತೆಗಿ." ಮತ್ತೆ ಉಜ್ಜುವುದು. "ಇಲ್ಲಿ ಸಾಕು, ಅಲ್ಲಿ ಬಿಡು." ಹೀಗೆ ನಾಲ್ಕು ಭಾನುವಾರ. ನಾವಿಬ್ಬರೂ ಯಾವತ್ತೂ ಜಾಸ್ತಿ ಮಾತಾಡಿದವರಲ್ಲ. ಆ ನಾಲ್ಕು ಭಾನುವಾರ ಆಡಿದ ಮಾತೂ ಇಷ್ಟೇ. ಆದರೆ ಬೆಳಿಗ್ಗೆಯಿಂದ ಸಂಜೆವರೆಗೆ ಪಕ್ಕಪಕ್ಕದಲ್ಲೇ ಇರುತ್ತಿದ್ದೆವು.

ಮೂರನೇ ಭಾನುವಾರ ನಾನು ಉಪ್ಪುಕಾಗದ ತೆಗೆದೆ. 80, 120, 220 ನಂಬರಿನವನ್ನೆಲ್ಲ ಶಿವಮೊಗ್ಗದಿಂದ ತಂದಿದ್ದೆ. ಅಪ್ಪಯ್ಯ ತಲೆ ಅಲ್ಲಾಡಿಸಿದರು. "ಮೊದಲು ಗಾಜು ಹಿಡಿ ಪುಟ್ಟೀ. ಕಾಗದ ಆಮೇಲೆ." ಎದ್ದು ಹೋಗಿ ಕೊಟ್ಟಿಗೆಯ ಮಾಡಿನಿಂದ ಒಡೆದ ಗಾಜಿನ ತುಂಡು ತಂದರು. ಕಾವು ಮಾಡುವಾಗ ಅವರು ಬಳಸುತ್ತಿದ್ದದ್ದು ಅದೇ. ಗಾಜಿನ ಅಂಚನ್ನು ಮರದ ಮೇಲೆ ಸ್ವಲ್ಪ ಓರೆಯಾಗಿ ಹಿಡಿದು ನಮ್ಮ ಕಡೆಗೆ ಎಳೆಯಬೇಕು. ಒತ್ತಬಾರದು. ನಾನು ಒತ್ತಿದೆ, ಗೀರು ಬಿತ್ತು. ಅವರು ಎಡಗೈಯಲ್ಲಿ ನನ್ನ ಮಣಿಕಟ್ಟು ಹಿಡಿದು ಎಷ್ಟು ಓರೆ ಅಂತ ತೋರಿಸಿದರು. ಆಗ ಕೂದಲಿಗಿಂತ ತೆಳು ಸಿಪ್ಪೆ ಎದ್ದು ಬಂತು. ಅರದ ಗೀರುಗಳೆಲ್ಲ ಹೋದವು. ಉಪ್ಪುಕಾಗದ ಉಬ್ಬನ್ನೂ ತಗ್ಗನ್ನೂ ಒಟ್ಟಿಗೇ ಉಜ್ಜಿ ಅಂಚು ಮಸುಕು ಮಾಡುತ್ತದೆ. ಗಾಜು ಉಬ್ಬಿದ್ದನ್ನು ಮಾತ್ರ ಕೆರೆದು ತೆಗೆಯುತ್ತದೆ. ತೋರುಬೆರಳಿನ ಗಂಟಿಗೆ ಮಾಡಿದ ಬಟ್ಟಲು ಸ್ಪಷ್ಟವಾಗಿ ಉಳಿಯಿತು.

ನಾಲ್ಕನೇ ಭಾನುವಾರ ಅವರು ಹಿಡಿದು ನೋಡಿ ಏನೂ ಹೇಳಲಿಲ್ಲ. ವಾಪಸ್ಸೂ ಕೊಡಲಿಲ್ಲ. ಊಟಕ್ಕೆ ಎದ್ದಾಗಲೂ ಎಡಗೈಗೆ ಬದಲಾಯಿಸಿಕೊಂಡು ಹೋದರು.

ಎಣ್ಣೆ

ಉಳಿದದ್ದನ್ನು ಬೇಗ ಹೇಳುತ್ತೇನೆ. ಕೂದಲಿನ ಗೊಂಚಲು 24 ಮಿಲಿಮೀಟರಿನದು, ಪೋಸ್ಟಿನಲ್ಲಿ ತರಿಸಿದೆ. ಸಿಂಥೆಟಿಕ್. ಅಪ್ಪಯ್ಯ ಕೇಳಿದ್ದು ಒಂದೇ ಪ್ರಶ್ನೆ, ಹಂದಿ ಕೂದಲು ಅಲ್ಲ ತಾನೇ ಅಂತ. ನನ್ನ ಕಾರಣ ಬೇರೆ ಇತ್ತು. ಪ್ರಾಣಿಯ ಕೂದಲು ನೀರು ಹೀರಿಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಅದು ಒಣಗುವುದು ಯಾವಾಗ? ಸಿಂಥೆಟಿಕ್ ಎಳೆ ನಾಲ್ಕು ಸಲ ಕೊಡವಿದರೆ ಹೆಚ್ಚುಕಡಿಮೆ ಒಣಗುತ್ತದೆ. ಅಂಟಿಸಲು ಅರಾಲ್ಡೈಟ್. ಬೆಣ್ಣೆ ಕುಡಿದ ಮರಕ್ಕೆ ಅದು ಸುಲಭಕ್ಕೆ ಕಚ್ಚುವುದಿಲ್ಲ. ಗುಳಿಯನ್ನು ಸ್ಪಿರಿಟ್‌ನಲ್ಲಿ ಮೂರು ಸಲ ಒರೆಸಿ, ಒಳಗೋಡೆಗೆ ಮೊಳೆಯಿಂದ ಗೀರು ಎಳೆದು, ಆಮೇಲೆ ಅಂಟಿಸಿದೆ.

ಎಣ್ಣೆಯ ವಿಷಯ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ಮಲೆನಾಡಿನಲ್ಲಿ ಮರದ ವಸ್ತು ಮಾಡುವವರಿಗೆ ಇದು ಬೇಕಾಗುತ್ತದೆ. ಉಳಿದ ಹಲಸಿನ ಚೂರುಗಳಲ್ಲಿ ಮೂರನ್ನು ತೆಗೆದುಕೊಂಡೆ. ಒಂದಕ್ಕೆ ಏನೂ ಹಚ್ಚಲಿಲ್ಲ, ಒಂದಕ್ಕೆ ಕೊಬ್ಬರಿ ಎಣ್ಣೆ, ಒಂದಕ್ಕೆ ಪೇಂಟ್ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆ, ಅದನ್ನು ಅವರು ಬಾಯಿಲ್ಡ್ ಲಿನ್ಸೀಡ್ ಅನ್ನುತ್ತಾರೆ. ಎರಡು ವಾರ ದಿನಾ ಬೆಳಿಗ್ಗೆ ಸೋಪಿನ ನೀರಿನಲ್ಲಿ ಐದು ನಿಮಿಷ ಅದ್ದಿ ತೆಗೆದೆ. ಏನೂ ಹಚ್ಚದ ಚೂರು ಮೊದಲ ದಿನವೇ ನೀರನ್ನು ಹಳದಿ ಮಾಡಿತು, ಎರಡನೇ ವಾರ ಬೂಷ್ಟು ಹಿಡಿಯಿತು. ಕೊಬ್ಬರಿ ಎಣ್ಣೆಯದು ಅಂಟಂಟಾಗಿ ವಾಸನೆ ಬಂತು. ಅದು ಎಷ್ಟು ದಿನ ಇಟ್ಟರೂ ಎಣ್ಣೆಯಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಹಾಗಲ್ಲ. ಗಾಳಿಯ ಆಮ್ಲಜನಕದ ಜೊತೆ ಸೇರಿ ನಿಧಾನಕ್ಕೆ ಗಟ್ಟಿಯಾಗುತ್ತದೆ. ಬಿಸಿಲಿನ ಊರಿನಲ್ಲಿ ಒಂದು ದಿನಕ್ಕೆ ಒಣಗುವ ಲೇಪ ನಮ್ಮಲ್ಲಿ ಆಗಸ್ಟ್‌ನಲ್ಲಿ ಐದು ದಿನ ತೆಗೆದುಕೊಂಡಿತು. ತೆಳುವಾಗಿ ಹಚ್ಚಿ, ಉಳಿದದ್ದನ್ನು ಒರೆಸಿ, ಕಾದು, ಮತ್ತೆ ಹಚ್ಚಿ, ಒಟ್ಟು ಐದು ಲೇಪ. ಕೊನೆಗೆ ಜೇನುಮೇಣ. ಒಂದು ಎಚ್ಚರಿಕೆ: ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡಿ. ಎಣ್ಣೆ ಗಟ್ಟಿಯಾಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸೇರಿ ತಾನಾಗಿಯೇ ಬೆಂಕಿ ಹತ್ತಬಹುದು. ನೀರಲ್ಲಿ ಅದ್ದಿ ಹೊರಗೆ ಹರವಿ ಒಣಗಿಸಿ.

ಗಣೇಶ ಚೌತಿಯ ಹಿಂದಿನ ದಿನ ಅಪ್ಪಯ್ಯ ಕಂಬಕ್ಕೆ ಕನ್ನಡಿ ತೂಗುಹಾಕಿದರು. ಗಿಂಡಿಯಲ್ಲಿ ಬಿಸಿನೀರು ನಾನೇ ತಂದಿಟ್ಟೆ. ಬ್ರಷ್ಷನ್ನು ಮುಷ್ಟಿಯೊಳಗೆ ಇಟ್ಟುಕೊಂಡರು. ಬೆರಳ ತುದಿಯಲ್ಲಿ ಹಿಡಿಯುವ ಕಷ್ಟವೇ ಇಲ್ಲ, ಇಡೀ ಅಂಗೈಯೇ ಒತ್ತಿ ಹಿಡಿದಿತ್ತು. ಮಣಿಕಟ್ಟಿನಿಂದ ತಿರುಗಿಸಿದರು. ಸೋಪಿನ ಮೇಲೆ ಆ ಸರಸರ ಶಬ್ದ ಶುರುವಾಯಿತು. ಒಳಗೆ ಅಮ್ಮ ಕಡುಬಿಗೆ ಕಾಯಿ ತುರಿಯುತ್ತಿದ್ದವಳು ನಿಲ್ಲಿಸಿದಳು. ಶಬ್ದ ನಿಲ್ಲುವವರೆಗೂ ಕಾದು, ಆಮೇಲೆ ಮತ್ತೆ ತುರಿಯತೊಡಗಿದಳು. ಗಲ್ಲದ ಕೆಳಗೆ ಒಂದು ಸಣ್ಣ ಗಾಯ ಆಯಿತು, ಪಟಿಕ ಉಜ್ಜಿಕೊಂಡರು. ಮುಖ ತೊಳೆದು ಬಂದು ಕೆನ್ನೆಯ ಮೇಲೆ ಕೈ ಆಡಿಸಿ ನೋಡಿ, ಬ್ರಷ್ಷನ್ನು ಕೊಡವಿ, ಬಚ್ಚಲ ಒಲೆಯಿಂದ ಒಂದು ಮೊಳ ದೂರದ ಕಿಟಕಿಯಲ್ಲಿ ಇಟ್ಟರು. ಬೆಚ್ಚಗಿರಬೇಕು, ಬಿಸಿ ತಾಗಬಾರದು. ನಾನು ಹೇಳಿಕೊಟ್ಟಿರಲಿಲ್ಲ.

ಈಗ ದೀಪಾವಳಿ ಕಳೆದಿದೆ, ಕೊಯ್ಲು ಶುರುವಾಗಿದೆ. ಹಿಡಿಯ ಹಳದಿ ಕಂದು ಬಣ್ಣಕ್ಕೆ ತಿರುಗುತ್ತಿದೆ. ಎಲ್ಲೂ ಸೀಳು ಬಿಟ್ಟಿಲ್ಲ. ಹೋದ ವಾರ ಉಳಿದ ಕಂಬವನ್ನು ಅಟ್ಟದಿಂದ ಇಳಿಸಿ ಅಮ್ಮನ ಮುಂದೆ ಇಟ್ಟೆ. ಅವಳನ್ನು ಕೇಳದೇ ಅದನ್ನು ಕೊಯ್ದಿದ್ದೆ ಅನ್ನುವುದು ಇಷ್ಟು ದಿನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಅದನ್ನೂ ಹೇಳಿದೆ. ದೋಸೆ ಸಟ್ಟುಗದ ಹಿಡಿ ಸಡಿಲ ಆಗಿದೆಯಲ್ಲ, ಇದರಲ್ಲೇ ನಿನಗೊಂದು ಮಾಡಿಕೊಡಲಾ ಅಂತ ಕೇಳಿದೆ. ಅವಳು ಹಗ್ಗದ ಕಚ್ಚಿನೊಳಗೆ ಹೆಬ್ಬೆರಳು ಇಟ್ಟು ಒಂದು ಸುತ್ತು ಎಳೆದಳು.

"ಇದು ಹೀಗೇ ಇರಲಿ ಮಾರಾಯ್ತಿ," ಅಂದಳು. "ಸಟ್ಟುಗಕ್ಕೆ ಪೇರಳೆಯದೇ ಮಾಡು. ಈ ಸಲ ಒಣಗಿಸಿ ಮಾಡು."

ಪೇರಳೆಯ ಒಂದು ಕೊಂಬೆ ಕಡಿದಿದ್ದೇನೆ. ಸೀಳಿ ನಾಲ್ಕು ಭಾಗ ಮಾಡಿ, ತಿರುಳು ಕೆತ್ತಿ ತೆಗೆದು, ಎರಡೂ ತುದಿಗೆ ಮೇಣ ಬಳಿದಿದ್ದೇನೆ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಅನ್ನುತ್ತಾರೆ ಆಚಾರ್ರು. ಒಲೆಯ ಮೇಲಿನ ಅಟ್ಟದಲ್ಲಿ, ಅಪ್ಪಯ್ಯ ಮರ ಇಡುತ್ತಿದ್ದ ಜಾಗದಲ್ಲೇ ಇಟ್ಟಿದ್ದೇನೆ. ಮುಂದಿನ ದೀಪಾವಳಿಗೆ ಇಳಿಸಬೇಕು.